ಅಧ್ಯಕ್ಷ ಹುಟ್ಟುವ ಮುಂಚಿನ ಕಾದಂಬರಿ

ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕಾಲೇಜು ಮೇಡಂ ಸುಚೇತಾ ಕಾಯುತ್ತಿದ್ದಾಗ, ಪಕ್ಕದಲ್ಲಿದ್ದ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ಊರಿನ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವ ತಂಗಿ ಸಿಡಿಯುತ್ತಿದ್ದಳು.

“ಲೈಬ್ರರಿಯಿಂದ ಆ ಕಾದಂಬರಿ ತೆಗೆದಾಕು, ಇಲ್ದಿದ್ರೆ ನಿನ್ನೇ ತೆಗೀತೀನಿ ಅಂತಾನೆ ಕಣಕ್ಕ, ಪಂಚಾಯ್ತಿ ಅಧ್ಯಕ್ಷ!”

“ಯಾಕಂತಮ್ಮಿ?”

“ಅದ್ರಲ್ಲಿ ಊರ್ ಕೆರೆ ನುಂಗೋ ಯಜಮಾನ ತಾನೇ ಅಂತೆ. ಬೇಕೂಂತ ಬರ್ಸವ್ರಂತೆ.”

“ಯಾವಾಗ್ ಬರ್ದಿದ್ದು?”

“ಅವ್ನು ಉಟ್ಟೋಕ್ ಮುಂಚೆ! ನಮ್ಮಪ್ಪ ಓದ್ತಿದ್ದ ಪುಸ್ತಕ. ಈಗ್ಲೂ ಊರೆಲ್ಲ ಸರದಿ ಮೇಲೆ ಓದ್ತಾವ್ರೆ.”

“ಕೆಲ್ಸ ಕಳ್ಕೊಂಡೀಯ, ಕೊಟ್ಬುಡು.”

“ಮೊದ್ಲು ನುಂಗಿರೋ ಕೆರೆ ಬುಟ್ಕೊಡಪ್ಪ, ಆಮೇಲ್ ಪುಸ್ತಕ ಕೇಳು ಅಂದೆ. ಚೀಲ್ದಲ್ಲೇ ಅದೆ, ನೋಡು.”

ಸುಚೇತಾಗೂ ಮೈ ಉರಿಯಿತು. ಅಕ್ಕ ಚೀಲದೊಳಗೆ ಇಣುಕಿ ನೋಡಿದಳು. ಟಿ. ನರಸೀಪುರದ ಬಸ್ಸು ಬಂತು, ಇಬ್ಬರೂ ಹತ್ತಿದರು. ಕಿಟಕಿಯಿಂದ ಅಕ್ಕನ ಗದರಿಕೆ ಕೇಳಿತು:

“ತೆಗಿ ಈಚೆಗೆ. ಜೋರಾಗಿ ಓದು. ಬಸ್ನಲ್ಲಿರೋರೆಲ್ಲ ಕೇಳ್ಲಿ!”