ಹಾಳೆಗೆ ಮೂರು ಚುಕ್ಕೆ

ಮೊದಲು ನಮ್ಮನ್ನು ಬಿಟ್ಟುಹೋದ ಮಸಿಯಪ್ಪನ ಹೆಂಡತಿಗೆ, ಮಗಳಿಗೆ. ಆಮೇಲೆ ಸಹೋದ್ಯೋಗಿಗಳಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಸಾಹೇಬರಿಗೆ — ಕೈಮುಗಿಯುತ್ತೇನೆ.

ನಾನು ಓದಿದವನಲ್ಲ. ಜೆರಾಕ್ಸ್ ಕೋಣೆಯ ಪಕ್ಕದಲ್ಲಿ ಕೂತು ಫೈಲು ಹೊಲಿಯುವವನು. ಆ ಯಂತ್ರದ ಹೊಟ್ಟೆಯೊಳಗೇನಿದೆ ಎಂದು ತೋರಿಸಿಕೊಟ್ಟವನು ಅದನ್ನು ನಡೆಸುತ್ತಿದ್ದ ಮಸಿಯಪ್ಪನೇ.

"ನೋಡಣ್ಣ, ಈ ಹಸಿರು ಉರುಳೆ ಡ್ರಮ್ಮು. ಕತ್ತಲಲ್ಲಿ ಇದರ ಮೈಗೆಲ್ಲ ಕರೆಂಟು ಹಚ್ಚುತ್ತೆ. ಅಕ್ಷರ ಇರೋ ಕಡೆ ಮಾತ್ರ ಲೇಸರ್ ಬೆಳಕು ಬಿದ್ದು ಆ ಕರೆಂಟು ಅಳಿಸುತ್ತೆ. ಟೋನರ್ ಪುಡಿ ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತೆ. ಅದನ್ನ ಕಾಗದ ಎಳ್ಕೊಳ್ಳುತ್ತೆ. ಇನ್ನೂ ಕಾಪಿ ಆಗಿಲ್ಲ ಮತ್ತೆ — ಉಫ್ ಅಂದ್ರೆ ಹಾರಿಹೋಗುತ್ತೆ. ಬಿಸಿ ರೋಲರಿಗೆ ಸಿಕ್ಕಿ ಕರಗಿ ಕೂತರೇನೇ ಅಕ್ಷರ."

ಹದಿನಾರು ವರ್ಷ ಆ ಯಂತ್ರದ ಜೊತೆ ಬಾಳಿದ. ಅವನನ್ನು ಕೊಂದದ್ದು ಯಂತ್ರವಲ್ಲ — ಗೋಡೆಯ ಸ್ವಿಚ್‌ಬೋರ್ಡು. 'ಮುಟ್ಟಿದರೆ ಹೊಡೆಯುತ್ತದೆ, ಬದಲಾಯಿಸಿ' ಎಂದು ಮಾರ್ಚಿನಲ್ಲೇ ಅರ್ಜಿ ಕೊಟ್ಟಿದ್ದ. ಜೂನಿನಲ್ಲಿ ಸತ್ತ. ಕಚೇರಿಯ ತನಿಖಾ ವರದಿ ಏನನ್ನುತ್ತದೆ? ಅರ್ಜಿ ಬಂದೇ ಇಲ್ಲ, ಕೆಲಸಗಾರನ ಅಜಾಗರೂಕತೆ. ಅಜಾಗರೂಕತೆಯಂತೆ — ರಟ್ಟಿನ ತುಂಡು ಹಿಡಿದು ಸ್ವಿಚ್ಚು ಒತ್ತುತ್ತಿದ್ದವನಿಗೆ.

ಮೊನ್ನೆ ಮಗಳು ಅರ್ಜಿಯ ಕಾಪಿ ತಂದಳು. ಕಚೇರಿಯ ಸೀಲು ಬಿದ್ದ ಮೇಲೆ ಅಪ್ಪ ತೆಗೆದಿಟ್ಟಿದ್ದ ಕಾಪಿ. ಸಾಹೇಬರು ಸರಿಯಾಗಿ ನೋಡಲೂ ಇಲ್ಲ. "ಇದೆಲ್ಲ ಈಗ ಎಲ್ಲೋ ಮಾಡಿಸಿದ್ದು ಕಣಮ್ಮ, ಹೋಗು" ಎಂದರು.

ಇದೇ ಆ ಕಾಪಿ, ಇಲ್ಲಿ ನೋಡಿ — ಹಿಂದಿರುವವರೂ ನೋಡಿ. ಬಲ ಅಂಚಿನಲ್ಲಿ ಒಂದರ ಕೆಳಗೊಂದು ಮೂರು ಚುಕ್ಕೆ. ಹಳೆಯ ಡ್ರಮ್ಮಿನ ಮೇಲೊಂದು ಗೀರಿತ್ತು. ಅದು ಸುತ್ತು ಬಂದಾಗಲೆಲ್ಲ ಒಂದು ಚುಕ್ಕೆ, ಒಂದು ಹಾಳೆ ದಾಟುವಷ್ಟರಲ್ಲಿ ಮೂರು ಸುತ್ತು. "ನನ್ನ ಮೆಷಿನ್ನಿನ ಮಚ್ಚೆ ಅಣ್ಣ, ಎಲ್ಲಿ ಕಳೆದುಹೋದ್ರೂ ಗುರುತು ಹಿಡೀತೀನಿ" ಎಂದು ನಗುತ್ತಿದ್ದ. ಏಪ್ರಿಲ್‌ನಲ್ಲಿ ಆ ಡ್ರಮ್ಮು ಗುಜರಿಗೆ ಹೋಯಿತು. ಹೊಸದಕ್ಕೆ ಮಚ್ಚೆಯಿಲ್ಲ.

ಇದು ಇನ್ನೊಂದು ಹಾಳೆ. ಸಾಹೇಬರೇ, ಮಾರ್ಚಿನಲ್ಲಿ ತಾವೇ ಸಹಿ ಮಾಡಿ ಹಂಚಿದ ಸುತ್ತೋಲೆ. ಅದೇ ಅಂಚು, ಅವೇ ಮೂರು ಚುಕ್ಕೆ. ಈಗ ಹೇಳಿ — ಗುಜರಿಗೆ ಹೋದ ಡ್ರಮ್ಮು ಎದ್ದು ಬಂದು ಈ ಅರ್ಜಿಯ ಕಾಪಿ ತೆಗೆಯಿತೇ?

ನಿನ್ನೆ ಸ್ವಿಚ್‌ಬೋರ್ಡು ಬದಲಾಯಿಸಿದರು. ನಾನು ಗಡಿಯಾರ ನೋಡುತ್ತಾ ಅಲ್ಲೇ ನಿಂತಿದ್ದೆ. ಇಪ್ಪತ್ತು ನಿಮಿಷ. ಇಪ್ಪತ್ತೇ ನಿಮಿಷದ ಕೆಲಸ.

ಮಗಳೇ, ಎರಡೂ ಹಾಳೆ ಹಿಡಿದುಕೋ, ಯಾರು ಕೇಳಿದರೂ ಕೈಬಿಡಬೇಡ. ವರದಿಯಿಂದ 'ಅಜಾಗರೂಕತೆ' ಎಂಬ ಆ ಪದ ಹೋಗಬೇಕು ಎಂದು ಹೊಸ ಅರ್ಜಿ ಬರೆಸಿದ್ದೇನೆ. ಆ ಮೇಜಿನ ಮೇಲಿದೆ, ಪಕ್ಕದಲ್ಲಿ ಪೆನ್ನೂ ಇದೆ.

ಎಲ್ಲರೂ ಏಳಿ. ಮಸಿಯಪ್ಪನಿಗಾಗಿ ಎರಡು ನಿಮಿಷ ಸುಮ್ಮನೆ ನಿಲ್ಲೋಣ. ಎರಡೇ ನಿಮಿಷ, ಆಮೇಲೆ ಸಹಿ ಹಾಕಲು ನೇರ ಆ ಮೇಜಿಗೆ.

ಸಾಹೇಬರೇ — ತಾವೂ ಏಳಿ.