ಒಂದರ ಹತ್ತಿರ ಗೆರೆ ಯಾಕೆ ದಾಟಲ್ಲ

ಪರೀಕ್ಷಾ ಕೇಂದ್ರಕ್ಕೆ ತಂಗಿಯನ್ನು ಬಿಡಲು ಹೋಗಿದ್ದೆ. ಗೇಟಿನ ಸಾಲಿನಲ್ಲಿ ನಮ್ಮ ಮುಂದೆ ಒಬ್ಬ ತಾಯಿ, ಮಗಳು ನಿಂತಿದ್ದರು. ಮಗಳ ಕೈಯಲ್ಲಿ ಗಣಿತದ ನೋಟ್‌ಬುಕ್ಕಿತ್ತು.

“ಎಕ್ಸ್ ಮೈನಸ್ ಒಂದರ ವರ್ಗ, ಇಂಟು ಎಕ್ಸ್ ಪ್ಲಸ್ ಎರಡು. ಗ್ರಾಫಿನ ಗೆರೆ ಎಲ್ಲಿಂದ ಶುರುವಾಗುತ್ತಮ್ಮ?”

“ಎಡಗಡೆ ಕೆಳಗಿಂದ. ಮೈನಸ್ ಎರಡರ ಹತ್ರ ಅಡ್ಡಗೆರೆ ದಾಟಿ ಮೇಲೇರುತ್ತೆ.”

“ಆಮೇಲೆ?”

“ಇಳಿದು ಬಂದು ಒಂದರ ಹತ್ರ ಅಡ್ಡಗೆರೇನ ಮುಟ್ಟುತ್ತೆ. ದಾಟಲ್ಲ, ಮತ್ತೆ ಮೇಲಕ್ಕೆ ತಿರುಗುತ್ತೆ. ಯಾಕೆ ದಾಟಲ್ಲ ಕಣೇ?”

“ಯಾಕೆ ಅಂತ ಪೇಪರಲ್ಲಿ ಕೇಳಲ್ಲ.”

“ನಾನು ಕೇಳ್ತಿದ್ದೀನಲ್ಲ.”

“ಅಲ್ಲಿ ವರ್ಗ ಇದೆ. ಒಂದರ ಆಚೆ ಹೋದ್ರೂ ಈಚೆ ಬಂದ್ರೂ ಪ್ಲಸ್ಸೇ ಸಿಗುತ್ತೆ.”

ತಾಯಿ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದರು.

“ಇಪ್ಪತ್ತು ವರ್ಷದಿಂದ ಬ್ಲೌಸಿನ ಕಂಕುಳು ಕತ್ತರಿಸ್ತಿದ್ದೀನಿ. ಈ ತಿರುವು ಕೈಗೆ ಗೊತ್ತಿತ್ತು, ತಲೆಗೆ ಈಗ ಗೊತ್ತಾಯ್ತು.”

“ಮೂಲೆ ಬರದ ಹಾಗೆ ನುಣ್ಣಗೆ ತಿರುಗಿಸು.”

“ಅದನ್ನ ನಂಗೆ ಹೇಳಿಕೊಡ್ತೀಯಾ?”

ಗಂಟೆ ಹೊಡೆಯಿತು.

“ಭಯ ಆಗ್ತಿದೆಯಾಮ್ಮ?”

“ಎರಡು ಸಲ ಫೇಲಾದಾಗ್ಲೂ ಬರೀ ಭಯಾನೇ ಇತ್ತು. ಇವತ್ತು ಏನು ಕೇಳಿರ್ತಾರೋ ನೋಡೋಣ ಅನ್ನಿಸ್ತಿದೆ.”

ತಾಯಿ ಹಾಲ್ ಟಿಕೆಟ್ ತೋರಿಸಿ ಒಳಗೆ ಹೋದರು. ಮಗಳು ನೋಟ್‌ಬುಕ್ ಮುಚ್ಚಿಕೊಂಡು ಎದುರಿನ ಮರದ ನೆರಳಿಗೆ ನಡೆದಳು.