ಪಾತೋಳಿ ಎಲೆ

ಕಾರವಾರದಿಂದ ಅಂಕೋಲಾಕ್ಕೆ ಹೊರಟ ಬಸ್ಸು ಕಿಕ್ಕಿರಿದಿತ್ತು. ತನ್ನ ಸೀಟಿನ ಪಕ್ಕ ಕಂಬಿ ಹಿಡಿದು ನೇತಾಡುತ್ತಿದ್ದ ಹುಡುಗಿ ಮತ್ತು ಅವಳ ಮಾವಶಿ, ಅಂದರೆ ಚಿಕ್ಕಮ್ಮನ, ಮಾತಿಗೆ ಸೂರಜ ಮೊಬೈಲು ಬಿಟ್ಟು ಕಿವಿಗೊಟ್ಟ.

“ಲ್ಯಾಬಲ್ಲಿ ನೀ ಎಂತ ಮಾಡೂದೇ, ನಿಶಾ?”

“ಪ್ರೋಟೀನನ್ನ ಜೀವಕೋಶದ ಒಳಗೆ ಕಳ್ಸೂದು. ತಾನಾಗಿ ಹೋಗೂದಿಲ್ಲ ಅದು. ಕೊಬ್ಬಿನ ಹನಿಯಲ್ಲಿ ಸುತ್ತಿ ಕಳ್ಸಬೇಕು.”

“ಅರಿಶಿನ ಎಲೆಯಲ್ಲಿ ಪಾತೋಳಿ ಹಿಟ್ಟು ಸುತ್ತಿ ಬೇಯ್ಸಿದಂಗೆ?”

“ಹಂಗೇ.”

“ಹೋಗ್ತದೆ?”

“ಒಳಗೇನೋ ಹೋಗ್ತದೆ. ಅಲ್ಲೊಂದು ಚೀಲದಲ್ಲಿ ಸಿಕ್ಕಿ, ಹೊರಗೆ ಬರದೆ ಕರಗ್ತದೆ. ನನ್ನ ಪಿಎಚ್‌ಡಿಯೂ ಅಲ್ಲೇ ಸಿಕ್ಕಿಬಿದ್ದದೆ.”

“ಅಂದ್ರೆ ಸುತ್ತೂಕೆ ಕಲ್ತೆ, ಎಲೆ ಬಿಡ್ಸೂಕೆ ಬರೂದಿಲ್ಲ.”

“ಇಲ್ಲ ಮಾವಶಿ.”

ಅವರ್ಸಾದಲ್ಲಿ ಮಾವಶಿ ಮೊಣಕೈಯಿಂದಲೇ ದಾರಿ ಮಾಡಿಕೊಂಡು ಇಳಿದಳು. ಅಲ್ಲೇ ಇಳಿಯಬೇಕಿದ್ದ ನಿಶಾ “ಸ್ವಲ್ಪ ಜಾಗ ಕೊಡಿ” ಅನ್ನುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಅವಳು ಸೂರಜನ ತಲೆಯ ಮೇಲಿಂದ ಕಿಟಕಿಗೆ ಬಾಗಿ ಕೂಗಿದಳು:

“ಕಂಡ್ಯಾ ಮಾವಶಿ? ಪ್ರೋಟೀನಿಗೆ ಆಗೂದು ಇದೇ!”